ಚಿನ್ನದ ಕಣ, ಲೇಸರ್ ಬೆಳಕು: ಕ್ಯಾನ್ಸರ್ ಮಾಯವಾಗುತ್ತದೆಯೇ?

'ಚಿನ್ನದ ಕಣ ಚುಚ್ಚಿ ಲೇಸರ್ ಬಿಟ್ಟರೆ ಸಾಕು, ಆಪರೇಷನ್ ಇಲ್ಲದೆ ಕ್ಯಾನ್ಸರ್ ಮಾಯ' ಎಂಬ ಸಂದೇಶ ನಿಮಗೂ ಬಂದಿರಬಹುದು. ನಿಜ ಎಷ್ಟು, ನೋಡೋಣ.

ಇದು ಪೂರ್ತಿ ಸುಳ್ಳಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಮಾಂಸದೊಳಗೆ ಸ್ವಲ್ಪ ದೂರ ಹಾಯುತ್ತದೆ. ಗೆಡ್ಡೆಯಲ್ಲಿ ಸೇರಿಕೊಂಡ ನ್ಯಾನೋ ಕಣಗಳು ಅದನ್ನು ಹೀರಿ ಕಾಯುತ್ತವೆ. ಸುತ್ತಲಿನ ಜೀವಕೋಶಗಳು ಆ ಶಾಖಕ್ಕೆ ಸಾಯುತ್ತವೆ. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಮಂದಿಯ ಮೇಲೆ ನಡೆದ ಪ್ರಯೋಗದ ವರದಿ 2019ರಲ್ಲಿ ಬಂತು. ವರ್ಷದ ನಂತರ, ಹೆಚ್ಚಿನವರಲ್ಲಿ ಚಿಕಿತ್ಸೆ ಕೊಟ್ಟ ಜಾಗದಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿಸಿ 8 ನ್ಯಾನೋಮೀಟರ್‌ಗಿಂತ ಚಿಕ್ಕ ಕಣ ಮಾಡಿದ್ದಾರೆ. ಆದರೆ ಅದರ ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ.

ಸಂದೇಶ ಮುಚ್ಚಿಡುವ ಮಾತು ಒಂದಿದೆ: ಆ 16 ಮಂದಿಯ ಕ್ಯಾನ್ಸರ್ ಗ್ರಂಥಿ ದಾಟಿ ಹರಡಿರಲಿಲ್ಲ. ಈ ಚಿಕಿತ್ಸೆಗಾಗಿ ಕಾಯುತ್ತಾ ಕೂತರೆ, ಇದಕ್ಕೆ ಬಗ್ಗುವ ಹಂತವೇ ದಾಟಿಹೋಗಬಹುದು.

ಹರಿಹರವಿರಲಿ, ದಾವಣಗೆರೆಯಿರಲಿ, ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಎದೆಯಲ್ಲಿ ಗಂಟು ಸಿಕ್ಕರೆ, ತಾಲೂಕು ಆಸ್ಪತ್ರೆಗೋ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹೋಗಿ ತೋರಿಸಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.