ಯಂತ್ರದ ಪಂಪಿಗೆ ಮುನ್ನ ಹೃದಯದ ಚಿತ್ರ

ಹೃದಯಕ್ಕೆ ಯಂತ್ರದ ಪಂಪು ಜೋಡಿಸಿಕೊಳ್ಳಿರೆಂಬ ಸಲಹೆ ಪಡೆದ ಕುಟುಂಬದವರು ಈಚೆಗೆ ಆಯುರ್ವೇದ ವೈದ್ಯರಾದ ನಮ್ಮ ಬಳಿಗೂ ಕಡತ ಹಿಡಿದು ಬರುತ್ತಾರೆ. ಅವರ ಪ್ರಶ್ನೆ ಬಹುತೇಕ ಒಂದೇ: "ಎಕೋ ಒಮ್ಮೆ ಆಗೇದರಿ. ಮತ್ತ ಬಾಯಾಗಿಂದ ನಳಿಗಿ ಇಳಿಸಿ ನೋಡೂದು, ಸಿ.ಟಿ. ಮಾಡೂದು ಯಾಕ ಬೇಕ್ರಿ?" ಪರೀಕ್ಷೆಗಳ ಹೆಸರಿನಲ್ಲಿ ಹಣ ಸುಲಿಯುವವರು ಇರುವ ಕಾಲದಲ್ಲಿ ಈ ಸಂಶಯ ಸಹಜವೇ. ಆದರೆ ಪಂಪಿನ ವಿಷಯದಲ್ಲಿ ಚಿತ್ರಪರೀಕ್ಷೆಗಳನ್ನು ಹಾರಿಸಿ ಮುಂದೆ ಹೋಗುವುದು ಪ್ರಾಣಕ್ಕೆ ಎರವಾದೀತೆಂಬುದು ನಮ್ಮ ಖಚಿತ ಅಭಿಪ್ರಾಯ.

ಎಲ್‌ವ್ಯಾಡ್ ಎಂದು ಕರೆಯುವ ಈ ಪಂಪು ಹೃದಯದ ಬದಲಿಗೆ ಬರುವುದಲ್ಲ, ಅದರ ನೆರವಿಗೆ ಬರುವುದು. ಸೋತ ಎಡ ಹೃತ್ಕುಕ್ಷಿಯ ತುದಿಯಲ್ಲಿ ರಂಧ್ರ ಮಾಡಿ ಅಲ್ಲಿ ಇದನ್ನು ಕೂಡಿಸುತ್ತಾರೆ. ಅದು ರಕ್ತವನ್ನು ಹೀರಿ ಕೊಳವೆಯ ಮೂಲಕ ಮಹಾಪಧಮನಿಗೆ ತಳ್ಳುತ್ತದೆ. ಹೊಟ್ಟೆಯ ಚರ್ಮದಿಂದ ಹೊರಬಂದ ತಂತಿಯು ಬ್ಯಾಟರಿಗೆ ಸೇರಿರುತ್ತದೆ. ಹೃದಯ ಕಸಿಗೆ ಅರ್ಹರಲ್ಲದ 129 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಮಾತ್ರ ಪಡೆದವರಲ್ಲಿ ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 25, ಪಂಪು ಪಡೆದವರಲ್ಲಿ 52. ಅನಂತರದ ಪಂಪುಗಳು ಇನ್ನೂ ಸುಧಾರಿಸಿವೆ. ಆದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಲಾಭ ದೊರೆಯುವುದು ತಕ್ಕ ಹೃದಯಕ್ಕೆ ಜೋಡಿಸಿದಾಗ ಮಾತ್ರ.

ತಕ್ಕ ಹೃದಯ ಯಾವುದು? ಜನರು ಎಕೋ ವರದಿಯಲ್ಲಿ ಇ.ಎಫ್. ಅಂಕಿಯೊಂದನ್ನೇ ನೋಡುತ್ತಾರೆ. ಅದು ಎಡಭಾಗದ ಕಥೆ. ನಿಜವಾಗಿ ಕೇಳಬೇಕಾದದ್ದು ಬಲಭಾಗದ ಕ್ಷೇಮವನ್ನು. ಪಂಪು ಎಷ್ಟು ರಕ್ತ ತಳ್ಳಬೇಕೋ ಅಷ್ಟನ್ನೂ ಶ್ವಾಸಕೋಶದ ಮೂಲಕ ಅದಕ್ಕೆ ಒದಗಿಸಬೇಕಾದುದು ಬಲ ಹೃತ್ಕುಕ್ಷಿಯೇ. ನೊಗದ ಒಂದು ಎತ್ತಿಗೆ ಬಲ ತುಂಬಿ ಇನ್ನೊಂದು ಕುಸಿದರೆ ಬಂಡಿ ಸಾಗೀತೆ? ಪಂಪಿನ ಸೆಳೆತಕ್ಕೆ ನಡುವಣ ಗೋಡೆ ಎಡಕ್ಕೆ ವಾಲಿ, ಮೊದಲೇ ದುರ್ಬಲವಾದ ಬಲಭಾಗ ಇನ್ನಷ್ಟು ಸೋಲುವುದುಂಟು. ಶಸ್ತ್ರಚಿಕಿತ್ಸೆಯ ತರುವಾಯ ರೋಗಿಗಳು ಕೈತಪ್ಪಲು ಇದೊಂದು ದೊಡ್ಡ ಕಾರಣ.

ಮಹಾಪಧಮನಿಯ ಕವಾಟ ಸೋರುತ್ತಿದ್ದರೆ ಪಂಪು ಮೇಲೆತ್ತಿದ ರಕ್ತ ಅಲ್ಲಿಂದಲೇ ಹಿಂದಿರುಗಿ ಮತ್ತೆ ಪಂಪಿಗೇ ಬರುತ್ತದೆ. ಬಾವಿಯಿಂದ ಎತ್ತಿದ ನೀರು ಬಾವಿಗೇ ಸುರಿದಂತೆ, ಮೋಟಾರು ಓಡುತ್ತದೆ, ಹೊಲ ಒಣಗುತ್ತದೆ. ಎಡ ಹೃತ್ಕುಕ್ಷಿಯ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತವಿದ್ದರೆ, ರಂಧ್ರ ಮಾಡುವ ಜಾಗವೇ ಅದಾದ್ದರಿಂದ, ಚೂರು ಸಿಡಿದು ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಇನ್ನೊಂದು ಸೂಕ್ಷ್ಮವುಂಟು. ಗರ್ಭದಲ್ಲಿ ಎರಡು ಹೃತ್ಕರ್ಣಗಳ ನಡುವೆ ಇದ್ದ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಎಡಗಡೆಯ ಒತ್ತಡ ಅದನ್ನು ಒತ್ತಿ ಹಿಡಿದಿರುವವರೆಗೆ ತೊಂದರೆಯಿಲ್ಲ. ಪಂಪು ಆ ಒತ್ತಡವನ್ನು ಇಳಿಸಿದೊಡನೆ ಕಿಂಡಿ ತೆರೆದು ಅಶುದ್ಧ ರಕ್ತ ನೇರವಾಗಿ ಎಡಕ್ಕೆ ನುಗ್ಗುತ್ತದೆ. ಗುಳ್ಳೆ ಬೆರೆಸಿದ ಲವಣಜಲವನ್ನು ಕೈಯ ನರಕ್ಕೆ ಕೊಟ್ಟು ಎಕೋದಲ್ಲಿ ನೋಡುವುದು ಇದಕ್ಕಾಗಿಯೇ. ಹೃದಯದ ಹಿಂಬದಿಯಲ್ಲೇ ಇರುವ ಅನ್ನನಾಳದಿಂದ ನೋಡಿದರೆ ಕವಾಟದ ಸೋರಿಕೆಯೂ ಈ ಕಿಂಡಿಯೂ ಸ್ಪಷ್ಟವಾಗಿ ಕಾಣುತ್ತವೆ. "ಮತ್ತ ಯಾಕ ನಳಿಗಿ" ಎಂಬುದಕ್ಕೆ ನಮ್ಮ ಉತ್ತರವಿದು.

ಸಿ.ಟಿ. ಮುಖ್ಯವಾಗುವುದು ಹಿಂದೆ ಬೈಪಾಸ್ ಆದವರಿಗೆ, ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದವರಿಗೆ. ಎದೆಮೂಳೆ ಕೊಯ್ಯುವಾಗ ಹಳೆಯ ಕಸಿನಾಳ ಎಲ್ಲಿದೆಯೆಂಬುದು ಮೊದಲೇ ತಿಳಿದಿರಬೇಕು. ಆದರೆ ಸಿ.ಟಿ.ಗೆ ಕೊಡುವ ಬಣ್ಣದ ಔಷಧಿ ಸೋತ ಮೂತ್ರಪಿಂಡಕ್ಕೆ ಭಾರವಾಗಬಲ್ಲದು. ಕ್ರಿಯಾಟಿನಿನ್ ಎಷ್ಟಿದೆಯೆಂದು ಕೇಳುವುದು ಕುಟುಂಬದವರ ಹಕ್ಕು. ಎಮ್.ಆರ್.ಐ. ಎಲ್ಲರಿಗೂ ಬೇಕಾಗದು. ಆದರೆ ಪಂಪು ಕೂಡಿಸಿದ ಮೇಲೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು.

ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು. ಶಸ್ತ್ರಕರ್ಮಕ್ಕೆ ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮಗಳೆಂದು ವಿಭಾಗಿಸಿದವನು ಸುಶ್ರುತನೇ. ಈ ಚಿತ್ರಪರೀಕ್ಷೆಗಳು ಪೂರ್ವಕರ್ಮವಲ್ಲದೆ ಮತ್ತೇನು? ಕೊನೆಯ ಹಂತಕ್ಕೆ ಬಂದ ಹೃದಯವನ್ನು ಹೊಳೆಮತ್ತಿ ಚಕ್ಕೆಯ ಕಷಾಯದಿಂದ ಸರಿಪಡಿಸುತ್ತೇವೆಂದು ಹೇಳಿ ಕಾಲ ಕಳೆಯುವುದು ಶಾಸ್ತ್ರಕ್ಕೆ ಮಾಡುವ ಅಪಚಾರ. ಪಂಪು ಇರುವವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಾರೆ; ಅವರಿಗೆ ಹೃದ್ರೋಗ ತಜ್ಞರನ್ನು ಕೇಳದೆ ಗುಗ್ಗುಳದ ಗುಳಿಗೆಯನ್ನಾಗಲಿ ಬೇರೆ ಮೂಲಿಕೆಯನ್ನಾಗಲಿ ಕೊಡಕೂಡದು. ಇನ್ನು ನಾಡಿ. ಈ ಪಂಪಿನಿಂದ ರಕ್ತ ಎಡೆಬಿಡದೆ ಹರಿಯುವುದರಿಂದ ಮಣಿಕಟ್ಟಿನಲ್ಲಿ ಮಿಡಿತವೇ ಸಿಗದಿರಬಹುದು. ನಾಡಿ ನಿಂತಿದೆಯೆಂದು ಗಾಬರಿಯಾಗುವ ಮುನ್ನ ಸೊಂಟದ ಬ್ಯಾಟರಿಯ ಕಡೆಗೆ ಕಣ್ಣು ಹಾಯಿಸಬೇಕು.

ಚಿತ್ರಗಳನ್ನು ನೋಡಿ ತಜ್ಞರು "ಪಂಪು ಬೇಡ" ಎಂದರೆ ಅದೂ ಚಿಕಿತ್ಸೆಯ ಸಲಹೆಯೇ. "ಹೂಂ" ಎನ್ನುವವರು ಸಿಗುವವರೆಗೆ ಹೊಲ ಮಾರಿ ಊರೂರು ಅಲೆಯುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ. ಇನ್ನೊಬ್ಬರ ಅಭಿಪ್ರಾಯ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಹಾಗೆ ಹೋಗುವಾಗ ವರದಿಯ ಹಾಳೆಯಷ್ಟೇ ಸಾಲದು. ಎಕೋ, ಸಿ.ಟಿ.ಗಳ ಚಿತ್ರಗಳಿರುವ ಸಿ.ಡಿ.ಯನ್ನು ಆಸ್ಪತ್ರೆಯಿಂದ ಕೇಳಿ ಪಡೆದುಕೊಂಡು ಹೋಗಿರಿ. ಬಲ ಹೃತ್ಕುಕ್ಷಿ ಹೇಗಿದೆಯೆಂಬ ಪ್ರಶ್ನೆಯನ್ನು ಅಲ್ಲಿಯೂ ಮೊದಲು ಕೇಳಿರಿ.