ಒಂದೂವರೆ ಗಂಟೆಯ ಚಿಕಿತ್ಸೆ, ಉಳಿದ ಗಂಟೆಗಳ ಸಂಸಾರ

ನಾನು ವೈದ್ಯನಲ್ಲ. ವಾಣಿಜ್ಯ ಪದವೀಧರನಾಗಿ ಬ್ಯಾಂಕು ಸೇರಿದವನು. ಲೆಕ್ಕಪತ್ರವನ್ನು ಬಿಟ್ಟರೆ ಬೇರೆ ಶಾಸ್ತ್ರ ಬಲ್ಲವನಲ್ಲ. ಆದರೂ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯುವ ಧೈರ್ಯ ಮಾಡಿರುವುದಕ್ಕೆ ಕಾರಣವಿದೆ. ಒಂಬತ್ತು ವರ್ಷದ ನನ್ನ ಮಗನಿಗೆ ಆಟಿಸಂ ಇದೆ. ಈ ಮಹಾನಗರದಲ್ಲಿ ಅವನೊಡನೆ ಆರು ವರ್ಷ ಚಿಕಿತ್ಸಾಲಯಗಳಿಗೆ ಅಲೆದು ಕಲಿತುದನ್ನು ಕನ್ನಡ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಸ್ವಲೀನತೆಯೆಂದೂ ಕರೆಯಲಾಗುವ ಆಟಿಸಂ, ಮೆದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಇದನ್ನು ವಿವರಿಸಿದ ಮೇಲೆ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಕೆಲವು ಕಾಲ ಮೆರೆಯಿತು. ವಿಜ್ಞಾನ ಅದನ್ನು ಎಂದೋ ತಿರಸ್ಕರಿಸಿದೆ. ಲಸಿಕೆಯಿಂದ ಇದು ಬರುತ್ತದೆಂದು 1998ರಲ್ಲಿ ಪ್ರಕಟವಾದ ಪ್ರಬಂಧವನ್ನೂ ಆ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆದರೆ ನಮ್ಮ ನೆಂಟರಿಷ್ಟರ ನಡುವೆ ತಾಯಿಯ ಮೇಲಿನ ಆರೋಪ ಇನ್ನೂ ಹಿಂತೆಗೆದಿಲ್ಲ. "ಇಬ್ಬರೂ ಕೆಲಸಕ್ಕೆ ಹೋದರೆ ಮಗು ಮಾತು ಕಲಿಯುವುದು ಯಾರಿಂದ?" ಎಂಬ ಪ್ರಶ್ನೆಯನ್ನು ನನ್ನ ಪತ್ನಿ ಎಷ್ಟು ಬಾರಿ ಕೇಳಿಸಿಕೊಂಡಿದ್ದಾಳೋ ಲೆಕ್ಕವಿಲ್ಲ.

ಇದು ಎಲ್ಲೋ ಒಂದು ಮನೆಯ ಸಂಗತಿಯಲ್ಲ. ನಮ್ಮ ನೆರೆಯ ಪಲ್ವಲ್ ಸೇರಿದಂತೆ ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸರಿಸುಮಾರು ಎಂಟಕ್ಕೊಬ್ಬರಿಗೆ ನರಸಂಬಂಧಿ ಬೆಳವಣಿಗೆಯ ಒಂದಲ್ಲ ಒಂದು ತೊಡಕು ಕಂಡುಬಂದಿತು. ಆಟಿಸಂ ಅವುಗಳಲ್ಲೊಂದು.

ಇಂಥ ಮಕ್ಕಳಿಗೆ ವೈದ್ಯರು ಸೂಚಿಸುವ ಉಪಚಾರಗಳಲ್ಲಿ ಆಕ್ಯುಪೇಷನಲ್ ಥೆರಪಿ ಮುಖ್ಯವಾದುದು. ಹೆಸರು ಕೇಳಿ ಉದ್ಯೋಗ ಕಲಿಸುವರೆಂದು ನಾನು ತಿಳಿದಿದ್ದೆ. ಮಗುವಿನ ಉದ್ಯೋಗವೆಂದರೆ ಉಣ್ಣುವುದು, ಉಡುವುದು, ಆಡುವುದು, ಬರೆಯುವುದು. ಅದನ್ನು ಸಾಧ್ಯಗೊಳಿಸುವುದೇ ಈ ಚಿಕಿತ್ಸೆ. ನನ್ನ ಮಗನಿಗೆ ವಾರಕ್ಕೆರಡು ಬಾರಿ, ಮುಕ್ಕಾಲು ಗಂಟೆಯಂತೆ ನಡೆಯುತ್ತದೆ. ಲೆಕ್ಕ ಹಾಕಿ ನೋಡಿ: ವಾರದ 168 ಗಂಟೆಗಳಲ್ಲಿ ಚಿಕಿತ್ಸಕರಿಗೆ ಸಲ್ಲುವುದು ಒಂದೂವರೆ ಗಂಟೆ, ಉಳಿದ ನೂರ ಅರವತ್ತಾರೂವರೆ ಗಂಟೆ ಮನೆಯವರ ಖಾತೆಗೆ. ಆದರೂ ಮೊದಲ ವರ್ಷ ನಾವು ಬಾಗಿಲಾಚೆಯ ಬೆಂಚಿನಲ್ಲಿ ಕುಳಿತು ಶುಲ್ಕ ಕಟ್ಟಿ ಬಂದೆವು. ಒಳಗೆ ಏನು ಕಲಿಸಿದರೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅನಂತರ ದೊರೆತ ಚಿಕಿತ್ಸಕಿ ನಮ್ಮನ್ನು ಒಳಗೆ ಕರೆದರು. ಮನೆಯಲ್ಲಿ ಏನೇನು ಕೆಲಸ ನಡೆಯುತ್ತದೆಂದು ವಿಚಾರಿಸಿದರು. ಇಂದು ನನ್ನ ಮಗ ಚಪಾತಿ ಹಿಟ್ಟು ನಾದುತ್ತಾನೆ. ಚಳಿಗಾಲದಲ್ಲಿ ತಾಯಿಯ ಪಕ್ಕ ಕುಳಿತು ಅವರೆಕಾಳು ಹಿತಕುತ್ತಾನೆ. ಅಂಗಿಯ ಗುಂಡಿ ಹಾಕಲು ಬೇಕಾದ ಬೆರಳಿನ ಕಸುವು ಅಡಿಗೆಮನೆಯಲ್ಲಿಯೇ ಬಂದಿತೆಂದು ನನ್ನ ನಂಬಿಕೆ.

ಸಂಶೋಧನೆಯೂ ಇದೇ ದಿಕ್ಕನ್ನು ತೋರುತ್ತದೆ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಆದರೆ ತರಬೇತಿ ಹೊಂದಿದ ಕಾರ್ಯಕರ್ತರು ತಂದೆತಾಯಿಗಳಿಗೆ ಮಗುವಿನ ಇಂಗಿತವನ್ನರಿತು ಸ್ಪಂದಿಸುವುದನ್ನು ಕಲಿಸಿದರು. ತಂದೆತಾಯಿಗಳ ಸ್ಪಂದನ ಉತ್ತಮಗೊಂಡಿತು. ಮಕ್ಕಳು ತಾವಾಗಿಯೇ ಅವರೊಡನೆ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಅದು ಸಂವಹನದ ತರಬೇತಿಯೇ ಹೊರತು ಆಕ್ಯುಪೇಷನಲ್ ಥೆರಪಿಯಲ್ಲ. ಆದರೆ ಮನೆಯವರನ್ನು ಬಾಗಿಲಾಚೆ ಕೂರಿಸಬಾರದೆಂಬ ಪಾಠ ಎರಡಕ್ಕೂ ಅನ್ವಯಿಸುತ್ತದೆ.

ಹಾಗೆಂದು ಎಲ್ಲ ಹೊರೆಯನ್ನೂ ತಂದೆತಾಯಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಊರಿನಲ್ಲಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ಒಂದು ಗಳಿಗೆ ಮಗುವನ್ನು ನೋಡಿಕೊಳ್ಳುತ್ತಿದ್ದರು. ದ್ವಾರಕೆಯ ಅಥವಾ ನೋಯ್ಡಾದ ಎಂಟನೆಯ ಅಂತಸ್ತಿನಲ್ಲಿ ಅಂಥವರು ಯಾರು? ಅದರ ಮೇಲೆ, ಮನೆಯಲ್ಲಿ ಕನ್ನಡ ಬಿಟ್ಟು ಹಿಂದಿ ಒಂದನ್ನೇ ಆಡಿರೆಂದು ನಮಗೆ ಸಲಹೆ ದೊರೆಯಿತು. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾಗುವುದೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲವೆಂದು ತಿಳಿಯುವ ವೇಳೆಗೆ ಎರಡು ವರ್ಷ ಕಳೆದಿದ್ದವು. ಆ ಎರಡು ವರ್ಷ ನನ್ನ ಮಗ ಫೋನಿನಲ್ಲಿ ಅಜ್ಜಿಯ ಮಾತನ್ನು ಕೇಳದೆ ಹೋದ.

ಈ ಕೊರತೆಯನ್ನು ತುಂಬಬಲ್ಲುದು ಕನ್ನಡ ಸಂಘವೆಂಬುದು ನನ್ನ ಅಭಿಪ್ರಾಯ. ಒಮ್ಮೆ ರಾಜ್ಯೋತ್ಸವ ಸಮಾರಂಭದಲ್ಲಿ ಡೊಳ್ಳಿನ ಸದ್ದಿಗೆ ಮಗ ಕಿವಿ ಮುಚ್ಚಿಕೊಂಡು ಚೀರಿದ. ಹಿರಿಯರೊಬ್ಬರು, "ಇಂಥ ಮಗುವನ್ನು ಮನೆಯಲ್ಲೇ ಬಿಟ್ಟು ಬರಬಾರದೆ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ತಿಳಿಸಿದವರು ಯಾರೂ ಇರಲಿಲ್ಲ. ಆದರೆ ಮುಂದಿನ ಎರಡು ವರ್ಷ ನಾವು ಯಾವ ಸಮಾರಂಭಕ್ಕೂ ಹೋಗಲಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಸಮಾರಂಭದ ದಿನ ಒಂದು ಶಾಂತವಾದ ಕೊಠಡಿ ಇರಲಿ. ತಿಂಗಳಿಗೊಮ್ಮೆ ಇಂಥ ತಂದೆತಾಯಿಗಳು ಸೇರಲು ಸಭಾಂಗಣ ದೊರೆಯಲಿ. ಒಂದು ಸಂಜೆ ಮಗುವಿನೊಡನೆ ಕುಳಿತುಕೊಳ್ಳುವ ಸ್ವಯಂಸೇವಕರು ಮುಂದೆ ಬರಲಿ. ಮಾಹಿತಿಯುಳ್ಳವರು ಇತರರಿಗೆ ತಿಳಿಸಲಿ: ಜಸೋಲದಲ್ಲಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯಿದೆ, 1991ರಲ್ಲಿ ತಾಯಿಯೊಬ್ಬರಿಂದಲೇ ಆರಂಭವಾದುದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಮಾನ್ಯಮಾಡಿದೆ, ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ನೆರವುಂಟು, ಚಿಕಿತ್ಸಾ ವೆಚ್ಚವೂ ಅದರಲ್ಲಿ ಸೇರಿದೆ. ಇವನ್ನು ನಾನು ತಿಳಿದುದು ಕಚೇರಿಗಳಿಂದಲ್ಲ, ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ತಾಯಂದಿರಿಂದ.

ಈ ವರ್ಷ ನಾವು ಮತ್ತೆ ಸಮಾರಂಭಕ್ಕೆ ಬರುತ್ತೇವೆ. ಮಗ ಕಿವಿ ಮುಚ್ಚಿಕೊಂಡರೆ ದಯವಿಟ್ಟು ಗಾಬರಿಯಾಗದಿರಿ. ಹತ್ತಿರ ಬಂದು, ಕನ್ನಡದಲ್ಲಿಯೇ, ಅವನ ಹೆಸರು ಕೇಳಿ. ಉತ್ತರಕ್ಕೆ ತುಸು ಕಾಯಬೇಕಾದೀತು, ಹೇಳುತ್ತಾನೆ.