ಒಂದು ಚಿತ್ರ, ಎರಡು ಧ್ವನಿ

ದೂರದರ್ಶನದ ಆದಿಕಾಲವನ್ನು ಕುರಿತು ಈಗ ಬರೆಯುವವರು ಬಹುಮಟ್ಟಿಗೆ ರಾಮಾಯಣದ ಭಾನುವಾರಗಳನ್ನು ನೆನೆದು ತೃಪ್ತರಾಗುವರು. ಅದಕ್ಕೂ ಹಿಂದೆ, 1975ರ ಆಗಸ್ಟ್ 1ರಿಂದ ಒಂದು ವರ್ಷಪರ್ಯಂತ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ, ಕೋಲಾರ ಜಿಲ್ಲೆಯ ವಕ್ಕಲೇರಿಯಂತಹ ಗಡಿಸೀಮೆಯ ಊರುಗಳಿಗೆ ಇಂದಿಗೂ ಒದಗಬಹುದಾದ ಒಂದು ಉಪಾಯವಿದ್ದಿತೆಂಬುದನ್ನು ನಾವು ಮರೆತಿದ್ದೇವೆ.

ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ತಂದ ಎಟಿಎಸ್-6 ಉಪಗ್ರಹವು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದು, ಅಹಮದಾಬಾದಿನಿಂದ ಏರಿಬಂದ ಸಂಕೇತವನ್ನು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಇಳಿಸುತ್ತಿತ್ತು. ನಮ್ಮ ನಾಡಿನಲ್ಲಿ ಆ ಭಾಗ್ಯವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳದಾಯಿತು. ಕೋಳಿಗೂಡಿಗೆ ಹೊದಿಸುವ ತಂತಿಬಲೆಯನ್ನು ಹತ್ತು ಅಡಿ ಅಗಲದ ಬೋಗುಣಿಯ ಆಕಾರಕ್ಕೆ ಬಿಗಿದು ಆಕಾಶದತ್ತ ತಿರುಗಿಸಿದರೆ ಅದೇ ಆಂಟೆನಾ; ಅದರ ಬಲದಿಂದ ಬೆಳಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರಿನವರಿಗೆಲ್ಲ ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳ ಉಪದೇಶ. ಉಪದೇಶವು ಕೊಂಚ ಅತಿಯಾಗಿತ್ತೆಂದರೆ ನಾನು ವಾದಿಸಲಾರೆ. ಆದರೆ ಆ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದುದು ಒಂದೇ ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಕಳುಹಿಸುವ ಸೌಕರ್ಯ: ಗದ್ದೆಯ ದೃಶ್ಯವೊಂದೇ, ಅದರ ವಿವರಣೆಯನ್ನು ಎರಡು ಭಾಷೆಗಳಲ್ಲಿ ಕೇಳಿಸಬಹುದಾಗಿತ್ತು.

ಕೋಲಾರ ಸೀಮೆಗೆ ದೂರದರ್ಶನ ಬಂದುದು ಬೇರೆ ದಾರಿಯಿಂದ. 1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರವು ಆರಂಭವಾಗಲು, ನಗರವನ್ನುದ್ದೇಶಿಸಿ ಬೀರಿದ ಅಲೆಗಳ ಅಂಚು ನಮ್ಮ ಪಾಲಿಗೆ ಬಂದಿತು. ಆ ಅಲೆಗಳು ಬಹುಮಟ್ಟಿಗೆ ನೇರವಾಗಿಯೇ ಸಾಗತಕ್ಕವು. ಭೂಮಿಯ ಬಾಗಿಗೂ ಬೆಟ್ಟಗಳ ಮರೆಗೂ ಸಿಕ್ಕಿ ಕ್ಷೀಣಿಸುವಂತಹವು. ಆದಕಾರಣ ಎತ್ತರದ ಕಂಬಕ್ಕೆ ಆಂಟೆನಾವನ್ನು ಕಟ್ಟಿ, ಪಡುವಣಕ್ಕೆ ತಿರುಗಿಸಿ, ಗಾಳಿ ಬೀಸಿದಾಗಲೆಲ್ಲ ಒಬ್ಬರು ಮಾಳಿಗೆ ಹತ್ತಿ ಸರಿಪಡಿಸಬೇಕಾಗಿತ್ತು. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಮೊದಲಾದ ತರುವಾಯ ರಾತ್ರಿಯ ಪ್ರಶಸ್ತ ವೇಳೆಯು ದೆಹಲಿಯ ವಶವಾಯಿತು. ಮನೆಯಲ್ಲಿ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವ ರೈತನು, ಈ ಎರಡೂ ಅಲ್ಲದ ಹಿಂದಿಯ ಮುಂದೆ ಮೌನವಾಗಿ ಕುಳಿತನು. ಎರಡು ಧ್ವನಿಗಳ ಉಪಾಯವು ಯಾವ ಜಿಲ್ಲೆಗೆ ಹೇಳಿಮಾಡಿಸಿದಂತಿದ್ದಿತೋ ಆ ಜಿಲ್ಲೆಯನ್ನೇ ಅದು ಮುಟ್ಟಲಿಲ್ಲ.

ಇಂದಿನ ಡಿಜಿಟಲ್ ಪ್ರಸಾರದಲ್ಲಿ ಒಂದು ಚಿತ್ರಕ್ಕೆ ಹಲವು ಧ್ವನಿಗಳನ್ನು ಜೋಡಿಸುವುದು ಪ್ರಯಾಸದ ಕೆಲಸವಲ್ಲ. ಕೋಲಾರದ ಟೊಮೆಟೊ ಮಂಡಿಗೂ ಆಂಧ್ರದ ಮದನಪಲ್ಲಿಯ ಮಂಡಿಗೂ ಮಾಲು ಕಳುಹಿಸುವ ರೈತರ ತೋಟಗಳಿಗೆ ತಗಲುವ ರೋಗಗಳು ರಾಜ್ಯದ ಗಡಿಯನ್ನು ನೋಡಿ ನಿಲ್ಲುವುದಿಲ್ಲ. ಎಲೆ ಮುರುಟುವ ರೋಗವನ್ನು ಒಮ್ಮೆ ಚಿತ್ರೀಕರಿಸಿ ಎರಡು ನುಡಿಗಳಲ್ಲಿ ವಿವರಿಸಿದರೆ ಎರಡೂ ಕಡೆಯವರಿಗೆ ಪ್ರಯೋಜನವುಂಟು. ಇದರಿಂದ ಗಡಿಯಲ್ಲಿ ಕನ್ನಡವು ಸೊರಗೀತೆಂದು ಶಂಕಿಸುವವರಿದ್ದಾರೆ. ತೆಲುಗು ಸಿನಿಮಾ ವಾಹಿನಿಗಳು ಗುಂಡಿಯೊತ್ತಿದರೆ ಸಿಗುವ ಕಾಲದಲ್ಲಿ, ಹುಳುವಿನ ಔಷಧವನ್ನು ತೆಲುಗಿನಲ್ಲಿ ಕೇಳಿದ ಮಾತ್ರಕ್ಕೆ ಯಾರೂ ಕನ್ನಡವನ್ನು ತೊರೆಯರು. ಅದೇ ಪರದೆಯಲ್ಲಿ ಕನ್ನಡದ ಧ್ವನಿಯೂ ಇರುವುದರಿಂದ ಕಲಿಯುವವರಿಗೆ ಅನುಕೂಲವೇ ಹೆಚ್ಚು. ದೂರದರ್ಶನದ ಅಧಿಕಾರಿಗಳು ಚಂದನ ವಾಹಿನಿಯ ಕೃಷಿ ಕಾರ್ಯಕ್ರಮದಿಂದಲೇ ಇದನ್ನು ಆರಂಭಿಸಿ, ಮೊದಲ ಪರೀಕ್ಷೆಯನ್ನು ಕೋಲಾರ ಜಿಲ್ಲೆಯಲ್ಲಿ ನಡೆಸಬೇಕೆಂದು ಪ್ರಾರ್ಥಿಸುತ್ತೇನೆ.